ಶೆರ್‌ವುಡ್ ದಾಟಿ ಬಾರ್ನ್ಸ್‌ಡೇಲ್‌ವರೆಗೆ: ರಾಬಿನ್ ಹುಡ್‌ನ ಜಾಡು

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ರೈಲು ಹತ್ತಿದರೆ ಎರಡು ಗಂಟೆಯೊಳಗೆ ನಾಟಿಂಗ್‌ಹ್ಯಾಮ್. ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ದಂತಕಥೆಯ ಬಿಲ್ಲುಗಾರ ಕಳ್ಳ ರಾಬಿನ್ ಹುಡ್‌ನ ವೈರಿ ಶೆರೀಫನ ಬುರುಜು, ಸೆರೆಮನೆ ಎಂದೆಲ್ಲ ಎಣಿಸಿ ಹೋದವರಿಗೆ ಬಂಡೆಯ ನೆತ್ತಿಯಲ್ಲಿ ಸಿಗುವುದು ಒಂದು ಅರಮನೆ. ಹಳೆಯ ಕೋಟೆಯನ್ನು 1651ರಲ್ಲೇ ಕೆಡವಿದ್ದಾರೆ. ಆ ಕಾಲದ ಗುರುತು ಉಳಿದಿರುವುದು ಕೆಳಗೆ, ಮರಳುಗಲ್ಲಿನಲ್ಲಿ ಕೊರೆದ ಗುಹೆಗಳಲ್ಲಿ. ಅಲ್ಲಿನ ಮೆಟ್ಟಿಲುಗಳು ಕಡಿದು. ಮಂಡಿನೋವಿರುವವರು ಇಳಿಯದಿರುವುದೇ ಲೇಸು. ಬಿಲ್ಲು ಸೆಳೆದು ನಿಂತ ರಾಬಿನ್ ಹುಡ್‌ನ ಕಂಚಿನ ಪ್ರತಿಮೆ (1952, ಶಿಲ್ಪಿ ಜೇಮ್ಸ್ ವುಡ್‌ಫರ್ಡ್) ಗೋಡೆಯ ಹೊರಗೇ ಇದೆ, ಅದಕ್ಕೆ ಟಿಕೆಟ್ ಬೇಡ.

ಹೆಚ್ಚಿನವರು ಬಿಟ್ಟುಹೋಗುವ ಜಾಗ ಸೇಂಟ್ ಮೇರಿ ಚರ್ಚು. ಪ್ರಾರ್ಥನೆಗೆಂದು ಒಬ್ಬನೇ ಬಂದ ರಾಬಿನ್‌ನನ್ನು ಸನ್ಯಾಸಿಯೊಬ್ಬ ಗುರುತಿಸಿ ಹಿಡಿಸಿಕೊಟ್ಟದ್ದು ಇಲ್ಲೇ ಎನ್ನುತ್ತದೆ ಒಂದು ಲಾವಣಿ. ಅದರ ಹಸ್ತಪ್ರತಿ ಸುಮಾರು 1450ರದು.

ಎಡ್ವಿನ್‌ಸ್ಟೋ ಹಳ್ಳಿ ಇಲ್ಲಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್; ಬಸ್ಸಿದೆ. ಹಳ್ಳಿಯಂಚಿನಲ್ಲೇ ಶೆರ್‌ವುಡ್ ಶುರು. ಮಲೆನಾಡಿನಂಥ ದಟ್ಟ ಕಾಡನ್ನು ನಿರೀಕ್ಷಿಸಬೇಡಿ. ಮಧ್ಯಯುಗದಲ್ಲಿ ‘ಫಾರೆಸ್ಟ್’ ಎಂದರೆ ಮರಗಳ ಗುಂಪಲ್ಲ, ರಾಜನ ಬೇಟೆಯ ಕಾನೂನು ನಡೆಯುತ್ತಿದ್ದ ಸೀಮೆ. ಅದರೊಳಗೆ ಹಳ್ಳಿ, ಹೊಲ, ಕುರುಚಲು ಬಯಲು ಎಲ್ಲ ಇದ್ದವು. ಬಡವನೊಬ್ಬ ರಾಜನ ಜಿಂಕೆ ಹೊಡೆದರೆ ಅಪರಾಧಿ. ಜಿಂಕೆ ಮಾಂಸ ಉಣ್ಣುವ ಕಳ್ಳನೊಬ್ಬ ಜನರ ನಾಯಕನಾದದ್ದು ಏಕೆಂದು ಈ ನೆಲದಲ್ಲಿ ನಿಂತಾಗ ತಿಳಿಯುತ್ತದೆ.

ಈ ಕಾಡಿನ ಪ್ರಸಿದ್ಧ ಮೇಜರ್ ಓಕ್ ಮರದ ಬುಡದ ಸುತ್ತಳತೆ ಹತ್ತು ಮೀಟರಿಗೂ ಹೆಚ್ಚು. ವಯಸ್ಸು 800ರಿಂದ 1,100 ವರ್ಷ ಎಂದು ಅಂದಾಜು. 1790ರಲ್ಲಿ ಇದನ್ನು ವರ್ಣಿಸಿದ ಮೇಜರ್ ಹೇಮನ್ ರೂಕ್‌ನಿಂದ ಈ ಹೆಸರು ಬಂತು. ಇದರ ಪೊಟರೆಯಲ್ಲಿ ರಾಬಿನ್ ಅಡಗುತ್ತಿದ್ದ ಎಂಬ ಮಾತನ್ನು ಮಾತ್ರ ನಂಬುವಂತಿಲ್ಲ. ಓಕ್ ಮರದ ತಿರುಳನ್ನು ಶಿಲೀಂಧ್ರ ತಿಂದು ಪೊಟರೆಯಾಗಲು ಶತಮಾನಗಳು ಬೇಕು, ಅವನ ಕಾಲಕ್ಕೆ ಈ ಮರ ಇನ್ನೂ ಎಳೆಯದು. ಹತ್ತಿರ ಹೋಗಿ ಮುಟ್ಟಲಾಗದು. ನೋಡಬಂದವರ ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು, ಗಾಳಿ ಇಳಿಯದಂತಾಯಿತು; ಅದಕ್ಕೇ 1970ರ ದಶಕದಲ್ಲಿ ಬೇಲಿ ಹಾಕಿದರು. ಚಾಚಿದ ಕೊಂಬೆಗಳಿಗೆ ಊರುಗೋಲುಗಳಿವೆ. ಬೇಲಿ ಹಾರಿ ಫೋಟೊ ತೆಗೆಯುವುದು ಮರಕ್ಕೆ ಮಾಡುವ ನೇರ ಹಾನಿ.

ಪ್ರವಾಸಿಗರು ಇಲ್ಲಿಗೆ ಮುಗಿಸಿ ಹಿಂದಿರುಗುತ್ತಾರೆ. ಅದು ಅರ್ಧ ದಾರಿ. ಸುಮಾರು 1500ರ ಹೊತ್ತಿಗೆ ಅಚ್ಚಾದ ‘ಗೆಸ್ಟ್’ ಎಂಬ ದೀರ್ಘ ಲಾವಣಿಯಲ್ಲಿ ರಾಬಿನ್ ಮೊದಲು ಕಾಣಿಸುವುದು ಯಾರ್ಕ್‌ಷೈರ್‌ನ ಬಾರ್ನ್ಸ್‌ಡೇಲ್‌ನಲ್ಲಿ, ಮರಕ್ಕೆ ಒರಗಿ ನಿಂತು. ಈ ಭಾಗಕ್ಕೆ ಕಾರೇ ಅನುಕೂಲ. ಡಾನ್‌ಕಾಸ್ಟರ್‌ನ ಉತ್ತರಕ್ಕೆ ಎ1 ಹೆದ್ದಾರಿಯ ಬದಿಯಲ್ಲಿ ರಾಬಿನ್ ಹುಡ್ ಬಾವಿಯ ಕಲ್ಲುಮಂಟಪ ಇದೆ. ರಸ್ತೆ ಅಗಲಿಸುವಾಗ ಅದನ್ನು ಸರಿಸಿದ್ದರಿಂದ ಕೆಳಗೆ ನೀರಿಲ್ಲ. ಮುಂದೆ ವೆಂಟ್‌ಬ್ರಿಜ್ ಹಳ್ಳಿ. ಮೇಲಿನ ಸೇಲ್ಸ್ ದಿಬ್ಬದಿಂದ ಉತ್ತರದ ಹೆದ್ದಾರಿಯನ್ನು ಕಾಯಬಹುದಿತ್ತು. ರಾಬಿನ್ ತನ್ನ ಬಂಟ ಲಿಟ್ಲ್ ಜಾನ್‌ನನ್ನು ಕಾವಲಿಗೆ ಕಳಿಸಿದ್ದು ಅಲ್ಲಿಗೇ.

ಅವನು ಹಿಡಿದು ತಂದದ್ದು ಬಡವಾದ ನೈಟ್ (ಸರದಾರ) ಒಬ್ಬನನ್ನು. ನೈಟ್‌ನ ಬಳಿ ಇದ್ದದ್ದು ಹತ್ತು ಶಿಲ್ಲಿಂಗ್ (ಅರ್ಧ ಪೌಂಡ್), ಯಾರ್ಕ್‌ನ ಸೇಂಟ್ ಮೇರಿ ಮಠಕ್ಕೆ ತೀರಿಸಬೇಕಾದ ಸಾಲ 400 ಪೌಂಡ್. ರಾಬಿನ್ ಅಷ್ಟನ್ನೂ ಮೇರಿ ಮಾತೆಯ ಜಾಮೀನಿನ ಮೇಲೆ ಕೈಗಡ ಕೊಡುತ್ತಾನೆ. ಉಡಲು ಬಟ್ಟೆಯನ್ನೂ ಕೊಡಿಸುತ್ತಾನೆ. ಲಿಟ್ಲ್ ಜಾನ್ ಅದನ್ನು ತನ್ನ ಬಿಲ್ಲಿನಿಂದಲೇ ಅಳೆಯುತ್ತ, ಪ್ರತಿ ಅಳತೆಗೂ ಮೂರಡಿ ಮುಂದಕ್ಕೆ ಜಿಗಿಯುತ್ತಾನೆ. ಬಡವರಿಗೆ ಹಂಚಿದ ರಾಬಿನ್‌ನ ಬಗ್ಗೆ ಕೇಳಿ ಬೆಳೆದವರು ಈ ದೃಶ್ಯವನ್ನು ಓದಲೇಬೇಕು.

ಬ್ರಿಗ್‌ಹೌಸ್ ಬಳಿಯ ಕರ್ಕ್‌ಲೀಸ್‌ನಲ್ಲಿ ರಾಬಿನ್‌ನದೆನ್ನುವ ಸಮಾಧಿ ಇದೆ. ಅದು ಖಾಸಗಿ ಜಮೀನು, ಅನುಮತಿಯಿಲ್ಲದೆ ಹೋಗಬೇಡಿ. ಆ ದಿನವನ್ನು ಯಾರ್ಕ್‌ಗೆ ಕೊಡುವುದು ಮೇಲು. ರೈಲು ನಿಲ್ದಾಣದಿಂದ ಅನತಿ ದೂರದ ಮ್ಯೂಸಿಯಂ ಗಾರ್ಡನ್ಸ್‌ನಲ್ಲಿ ಮಠದ ಕಮಾನುಗಳು ಇನ್ನೂ ನಿಂತಿವೆ. ಲಾವಣಿಯಲ್ಲಿ ಸಾಲದ ಗಡುವಿನ ದಿನ, ನೈಟ್ ಅಡವಿಟ್ಟ ಜಮೀನು ಕೈಸೇರಿತೆಂದೇ ಮಠಾಧಿಪತಿ ಊಟಕ್ಕೆ ಕೂತಿದ್ದ. ನೈಟ್ ಒಳಗೆ ಬಂದು, ದುಂಡುಮೇಜಿನ ಮೇಲೆ ಚೀಲ ಕೊಡವಿ 400 ಪೌಂಡ್ ಸುರಿದದ್ದು ಇದೇ ಮಠದಲ್ಲಿ.