ಮೌಸ್ ಬಿಟ್ರೆ ಕಿವಿ ತೆರೀತದೆ

ಮುಂಬೈಯಲ್ಲಿ ಸ್ಟುಡಿಯೋ ಬಾಡಿಗೆ ಅಂದ್ರೆ ಗಂಟೆ ಲೆಕ್ಕ, ಅಂಧೇರಿ ಕಡೆಯಂತೂ ಗಡಿಯಾರ ನೋಡ್ಕೊಂಡೇ ಹಾಡ್ಬೇಕು, ಅದಕ್ಕೇ ಎಲ್ರೂ ಕೀಬೋರ್ಡ್ ಶಾರ್ಟ್‌ಕಟ್ ಕಲೀರಿ ಟೈಮ್ ಉಳೀತದೆ ಅಂತಾರೆ. ಉಳೀತದೆ, ಸರಿ. ಆದ್ರೆ ನಂಗೆ ದೊಡ್ಡ ಲಾಭ ಅಂತ ಕಂಡದ್ದು ಬೇರೆಯೇ. ಮೌಸ್ ಹಿಡ್ಕೊಂಡು ಮೆನು ಹುಡುಕ್ತಾ ಕೂತ್ರೆ ಗಮನ ಎಲ್ಲ ಕಣ್ಣಿಗೆ ಹೋಗ್ತದೆ, ಶ್ರುತಿ ಎಲ್ಲಿ ಜಾರಿತು ಅನ್ನೋದು ಅಷ್ಟರಲ್ಲಿ ಮರ್ತೇ ಹೋಗ್ತದೆ.

ನಾನು ಮುಂಬೈ ಹತ್ರದ ಡೊಂಬಿವಲಿಯಲ್ಲಿ ಮನೆಯಲ್ಲೇ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋದು, ಜಾಸ್ತಿ ಇಲ್ಲಿನ ನಮ್ಮವರ ಭಜನೆ, ಭಾವಗೀತೆ. ಅವರು ಹಾಡ್ತಾ ಇರುವಾಗ ನನ್ನ ಬೆರಳು ಎಮ್ ಕೀ ಮೇಲೇ ಇರ್ತದೆ. ತಾಳ ತಪ್ಪಿದ್ರೆ ಎಮ್, ಚಂದ ಬಂದ್ರೂ ಎಮ್, ರೆಕಾರ್ಡಿಂಗ್ ನಿಲ್ಸದೇ ಅಲ್ಲಿಗೆ ಮಾರ್ಕರ್, ಅಂದ್ರೆ ಒಂದು ಗುರುತು, ಬೀಳ್ತದೆ. ಆಮೇಲೆ 1, 2, 3 ಒತ್ತಿದ್ರೆ ಸೀದಾ ಆ ಮಾರ್ಕರಿಗೇ. "ಅಕ್ಕಾ, ಎರಡನೇ ಚರಣದ ಕೊನೆ ಸಾಲು ಒಮ್ಮೆ ಕೇಳಿ" ಅಂದ್ರೆ ಅವರು ನೀರಿನ ಬಾಟ್ಲಿ ಕೆಳಗಿಡೋದ್ರೊಳಗೆ ಕೇಳಿಸ್ತದೆ, ಹಾಡುವ ಮೂಡ್ ಹಾಗೇ ಉಳೀತದೆ ಮಾರಾಯ್ರೆ, ಅದಕ್ಕೆ ಬೆಲೆ ಕಟ್ಲಿಕ್ಕೆ ಆಗ್ತದಾ?

ಎಡಿಟಿಂಗ್‌ನಲ್ಲಿ ನಂಗೆ ತುಂಬಾ ಬೇಕಾಗೋದು ಉಸಿರಿನ ಸದ್ದು ತಗ್ಗಿಸೋದು. ಪೂರ್ತಿ ತೆಗೆದ್ರೆ ಹಾಡು ಸತ್ತ ಹಾಗೆ ಕೇಳ್ತದೆ, ಸ್ವಲ್ಪ ಇಳಿಸ್ಬೇಕು ಅಷ್ಟೆ. ಉಸಿರಿನಷ್ಟು ಜಾಗ ಸೆಲೆಕ್ಟ್ ಮಾಡಿ ಶಿಫ್ಟ್ ಎಸ್ ಒತ್ತಿದ್ರೆ ಎರಡೂ ಬದಿ ಕಟ್ ಆಗ್ತದೆ, ಆಮೇಲೆ ಆ ತುಂಡಿನ ವಾಲ್ಯೂಮ್ ಇಳಿಸೋದು. ಒಂದು ಹಾಡಲ್ಲಿ ಇಂಥದ್ದು ಎಷ್ಟು ಸಲ ಬರ್ತದೆ ಗೊತ್ತುಂಟಲ್ಲ, ಹಾಗಾಗಿ ಪ್ರಶ್ನೆ ಚಿಹ್ನೆಯ ಕೀ ಒತ್ತಿ, ರೀಪರ್‌ನ ಎಲ್ಲ ಕಮಾಂಡ್‌ಗಳಿರೋ ಆಕ್ಷನ್ ಲಿಸ್ಟ್ ತೆಗೆದು, ಕಟ್ ಮಾಡೋದನ್ನೂ ವಾಲ್ಯೂಮ್ ಒಂದೊಂದೇ ಡೆಸಿಬೆಲ್ ಇಳಿಸೋದನ್ನೂ ಸೇರಿಸಿ ಒಂದು ಕಸ್ಟಮ್ ಆಕ್ಷನ್ ಮಾಡಿ ಒಂದೇ ಕೀಗೆ ಕೊಟ್ಟಿದ್ದೇನೆ. ರೀಪರ್ ನಂಗೆ ಇಷ್ಟ ಆಗೋದೇ ಇದಕ್ಕೆ.

ಏಬಲ್ಟನ್ ಲೈವ್ ಅನ್ನೋ ಇನ್ನೊಂದು ಮ್ಯೂಸಿಕ್ ಸಾಫ್ಟ್‌ವೇರ್ ಬಳಸೋರಿಗೆ ಕೀಗಳು ಬೇರೆ. ಅಲ್ಲಿ ಕಟ್ ಮಾಡ್ಲಿಕ್ಕೆ ಕಂಟ್ರೋಲ್ ಇ, ಡೂಪ್ಲಿಕೇಟ್‌ಗೆ ಕಂಟ್ರೋಲ್ ಡಿ, ತುಂಡುಗಳನ್ನು ಒಂದು ಮಾಡ್ಲಿಕ್ಕೆ ಕಂಟ್ರೋಲ್ ಜೆ, ತುಂಡುಗಳನ್ನು ಬೇರೆ ಬೇರೆ ನುಡಿಸಿ ನೋಡುವ ಸೆಷನ್ ಪರದೆಯಿಂದ ಹಾಡನ್ನು ಸಾಲಾಗಿ ಜೋಡಿಸುವ ಅರೇಂಜ್‌ಮೆಂಟ್ ಪರದೆಗೆ ಹೋಗ್ಲಿಕ್ಕೆ ಟ್ಯಾಬ್. ಕಂಟ್ರೋಲ್ 3 ಒತ್ತಿದ್ರೆ ಸ್ವರ ಕೂರಿಸುವ ಗೆರೆಗಳ ಗ್ರಿಡ್ ಟ್ರಿಪ್ಲೆಟ್, ಅಂದ್ರೆ ಮೂರು ಮೂರು ಪಾಲು, ಆಗ್ತದೆ, ಭಜನೆಯ ಓಲಾಡುವ ಕೆಹರ್ವಾ ತಾಳ ಪ್ರೋಗ್ರಾಮ್ ಮಾಡುವಾಗ ಅದು ಬೇಕೇ ಬೇಕು. ಚಾರ್ಟ್ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸೋದೆಲ್ಲ ಬೇಡ, ದಿನಾ ಯಾವ ಮೆನುವಿಗೆ ಜಾಸ್ತಿ ಹೋಗ್ತೀರೋ ಅದರ ಕೀ ಮೊದಲು ಹಿಡೀರಿ, ಅದು ಕೈಗೆ ಕೂತ ಮೇಲೆ ಇನ್ನೊಂದು. ಮ್ಯಾಕ್ ಇರೋರು ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಒತ್ತಿ.