ಕಂಟ್ರಾಕ್ಟರ್ ಇಲ್ಲದೆ ನಾವೇ ನಿಂತು ಕಟ್ಟಿಸಿದರೂ ಲೈಸೆನ್ಸ್ ಬೇಕಾ?

"ಮಟೀರಿಯಲ್ ನಮ್ಮದು, ಮೇಸ್ತ್ರಿಗೆ ಚದರದ ಲೆಕ್ಕದಲ್ಲಿ ಕೂಲಿ. ಕಂಟ್ರಾಕ್ಟರೇ ಇಲ್ಲ ಅಂದಮೇಲೆ ಲೈಸೆನ್ಸ್ ಯಾಕೆ ಸಾರ್?" ದಾವಣಗೆರೆ, ಚಿತ್ರದುರ್ಗದಲ್ಲಿ ಸೈಟು ತಗೊಂಡವರು ಮೊದಲು ಕೇಳೋದೇ ಇದನ್ನ.

ಬೇಕು. ಯಾರು ಕಟ್ಟುತ್ತಾರೆ ಅನ್ನೋದು ಕಾನೂನಿಗೆ ಮುಖ್ಯವೇ ಅಲ್ಲ. ಮನೆ ಕಟ್ಟುವ ಲೈಸೆನ್ಸ್, ಅಂದರೆ ಪರವಾನಗಿ, ಸೈಟಿನ ಮಾಲೀಕರ ಹೆಸರಿಗೇ ಬರುತ್ತದೆ, ನೋಟಿಸೂ ಅವರ ಹೆಸರಿಗೇ ಬರುತ್ತದೆ. ಕಂಟ್ರಾಕ್ಟರ್ ಇಲ್ಲದಿದ್ದರೆ ನಿಮ್ಮ ಹೊಣೆ ಇನ್ನೂ ಒಂದು ಕೈ ಹೆಚ್ಚು.

ದಾವಣಗೆರೆಯಲ್ಲಿ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, 1976ರ ಪೌರ ನಿಗಮಗಳ ಕಾಯ್ದೆಯ ಅಡಿ. ಚಿತ್ರದುರ್ಗದಲ್ಲಿ ನಗರಸಭೆ, 1964ರ ಪೌರಸಭೆಗಳ ಕಾಯ್ದೆಯ ಅಡಿ. ಊರಾಚೆ ಸೈಟಾದರೆ ಗ್ರಾಮ ಪಂಚಾಯಿತಿ. "ನಮ್ಮ ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಅಪ್ರೂವಲ್ ಇದೆಯಲ್ಲ" ಅನ್ನುವವರು ಬಹಳ ಮಂದಿ. ಅದು ಜಮೀನನ್ನು ಸೈಟಾಗಿ ವಿಂಗಡಿಸಲು ಕೊಟ್ಟ ಒಪ್ಪಿಗೆ. ಮನೆ ಕಟ್ಟಲು ಬೇಕಾದ ಒಪ್ಪಿಗೆಯೇ ಬೇರೆ.

ಬಣ್ಣ, ಸುಣ್ಣ, ಪ್ಲಾಸ್ಟರ್, ನೆಲದ ಟೈಲ್ಸ್, ಹೆಂಚು ಬದಲಿಸುವುದು, ಒಳಗಿನ ಪಾರ್ಟಿಷನ್, ಪಕ್ಕದವರ ಜಾಗದತ್ತ ತೆರೆಯದ ಕಿಟಕಿ-ಬಾಗಿಲು, ಇವಕ್ಕೆಲ್ಲ ಲೈಸೆನ್ಸ್ ಬೇಡ. ಮೇಲೊಂದು ರೂಮು, ಹೊರಗೊಂದು ಮೆಟ್ಟಿಲು, ಭಾರ ಹೊತ್ತ ಗೋಡೆ ಒಡೆಯುವುದು ಅಂದರೆ ಬೇಕೇ ಬೇಕು.

ಕ್ರಯಪತ್ರ, ಇ-ಖಾತೆ, ಈ ಸಾಲಿನ ಕಂದಾಯ ರಸೀದಿ, ಇಸಿ (ಋಣಭಾರ ಪತ್ರ), ಲೇಔಟ್ ನಕ್ಷೆ, ಭೂಪರಿವರ್ತನೆ ಆದೇಶ ಒಟ್ಟಿಗೆ ಇಟ್ಟುಕೊಳ್ಳಿ. ಹಳ್ಳಿ ಕಡೆ ಸೈಟಾದರೆ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11ಎ ನೋಡಿ. 11ಬಿ ಕೈಗೆ ಕೊಟ್ಟರೆ ಅಲ್ಲೇ ನಿಲ್ಲಿ, ಅದು ಅನಧಿಕೃತ ಸೈಟಿನ ಕಾಗದ. ಪ್ಲಾನಿಗೆ ಸಹಿ ಹಾಕಿ ಆನ್‌ಲೈನ್‌ನಲ್ಲಿ ಸಲ್ಲಿಸುವುದು ನೋಂದಾಯಿತ ಎಂಜಿನಿಯರ್. ಅರ್ಜಿಗೂ ಮೊದಲು ಟೇಪು ಹಿಡಿದು ಸೈಟಿನ ನಾಲ್ಕೂ ಬದಿ ಅಳೆಯಿರಿ. ಖಾತೆಯಲ್ಲಿ 30x40 ಇದ್ದು ನೆಲದ ಮೇಲೆ 29 ಅಡಿಯೇ ಸಿಕ್ಕರೆ, ಖಾತೆಯ ಅಳತೆಗೆ ಬರೆದ ಪ್ಲಾನು ಪಾಯದ ದಿನವೇ ಕೈಕೊಡುತ್ತದೆ.

ನಿಜವಾದ ಯಡವಟ್ಟು ಆಗೋದು ಮಾರ್ಕಿಂಗ್ ದಿನ, ಅಂದರೆ ಪಾಯಕ್ಕೆ ನೆಲದ ಮೇಲೆ ಗುರುತು ಹಾಕುವ ದಿನ. ಸೆಟ್‌ಬ್ಯಾಕ್ ಅಂದರೆ ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ. ಅದರ ಲೆಕ್ಕ ಹಾಕುವುದು ಗೋಡೆಯ ಹೊರಮೈಯಿಂದ. ಮೇಸ್ತ್ರಿ ದಾರ ಕಟ್ಟುವುದು ಗೋಡೆಯ ನಡುಗೆರೆಗೆ. ಸೆಟ್‌ಬ್ಯಾಕ್ 3 ಅಡಿ ಅಂತ ಅವರು ಗಡಿಯಿಂದ 3 ಅಡಿಗೇ ದಾರ ಎಳೆದರೆ, 9 ಇಂಚಿನ ಗೋಡೆಯಲ್ಲಿ ನಾಲ್ಕೂವರೆ ಇಂಚು ಹೊರಗೆ ಬರುತ್ತದೆ, ಮೇಲೆ ಅರ್ಧ-ಮುಕ್ಕಾಲು ಇಂಚು ಪ್ಲಾಸ್ಟರ್. 36 ಇಂಚಿನಲ್ಲಿ 5 ಇಂಚು ಹೋಯಿತು, ಅಂದರೆ ಶೇ 14ರಷ್ಟು. ಯಾರೂ ಮೋಸ ಮಾಡಿಲ್ಲ, ಆದರೂ ಕಟ್ಟಡ ಪ್ಲಾನ್ ಉಲ್ಲಂಘಿಸಿದೆ. ಆ ದಿನ ಎಂಜಿನಿಯರ್ ಸ್ಥಳದಲ್ಲಿ ಇರಲೇಬೇಕು. ಗುಂಡಿ ತೋಡುವ ಮೊದಲು ಕರ್ಣದ ಅಳತೆಯೂ ಸರಿಹೋಗಬೇಕು. 30x40 ಸೈಟಿನ ಎರಡೂ ಕರ್ಣ 50 ಅಡಿ.

ದಾವಣಗೆರೆ ಸುತ್ತ ಎರೆಮಣ್ಣು ಇರುವ ಕಡೆ ಇನ್ನೊಂದು ತೊಡಕು. ನೀರು ಕುಡಿದು ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣಿಗೆ ಫುಟಿಂಗ್ (ಕಂಬದ ಬುಡದ ಪಾಯ) ಆಳವಾಗಿ, ಅಗಲವಾಗಿ ಹೋಗಬೇಕು. ಕಂಬ ಗಡಿಗೆ ಅಂಟಿಕೊಂಡಿದ್ದರೆ 4 ಅಡಿ ಅಗಲದ ಫುಟಿಂಗ್ ಪಕ್ಕದವರ ನೆಲದೊಳಗೆ ಹೋಗುತ್ತದೆ. ಆಗ ಎರಡು ಕಂಬ ಸೇರಿಸಿ ಒಂದೇ ಫುಟಿಂಗ್ ಮಾಡುವಂಥ ವಿನ್ಯಾಸ ಬೇಕು. ಅದನ್ನು ಬರೆಯಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಗುಂಡಿಯೊಳಗೆ ನಿಂತು ಮೇಸ್ತ್ರಿ ಊಹಿಸುವುದಲ್ಲ.

ಕರೆಂಟ್ ತಂತಿಯನ್ನು ಬಾಲ್ಕನಿ ಆದಮೇಲೆ ನೋಡುವ ಚಾಳಿ ನಮ್ಮಲ್ಲಿದೆ. ಬೀದಿಯ 11 ಕೆವಿ ಲೈನಿನಿಂದ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ನೆತ್ತಿಯ ಮೇಲಿದ್ದರೆ 3.7 ಮೀಟರ್ ಅಂತರ ಬೇಕು. ಮನೆಗಳಿಗೆ ಕೊಡುವ ಸಾಮಾನ್ಯ ಲೈನಾದರೆ ಪಕ್ಕಕ್ಕೆ ಅಷ್ಟೇ, ಮೇಲಕ್ಕೆ 2.5 ಮೀಟರ್. ಲೆಕ್ಕ ಸಜ್ಜಾ, ಬಾಲ್ಕನಿಯ ತುದಿಯಿಂದ.

ಕಟ್ಟುವಾಗ ಮನಸ್ಸು ಬದಲಾದರೆ ಮೊದಲು ಪರಿಷ್ಕೃತ ಪ್ಲಾನ್ ಹಾಕಿಸಿ. "ಅಕ್ರಮ-ಸಕ್ರಮ ಬಂದಾಗ ನೋಡ್ಕೊಂಡ್ರಾಯ್ತು" ಅನ್ನುವ ಮಾತನ್ನು ನಂಬಬೇಡಿ. ಪ್ಲಾನ್ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ.

ಚಿತ್ರದುರ್ಗದ ಕೋಟೆ ಹತ್ತಿರ ಸೈಟಿದ್ದವರಿಗೆ ಪಾಲಿಸಬೇಕಾದ ಕಾನೂನು ಇನ್ನೊಂದಿದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವ ಹಾಗೇ ಇಲ್ಲ, ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಹರಿಹರದ ಹರಿಹರೇಶ್ವರ ದೇವಸ್ಥಾನದ ಸುತ್ತಲೂ ಇದೇ ಕಟ್ಟುಪಾಡು. ನಗರಸಭೆಯ ಲೈಸೆನ್ಸ್ ಒಂದೇ ಇದ್ದರೆ ಇಲ್ಲಿ ಸಾಲದು.

ಇನ್ನು ಕೂಲಿಯವರ ವಿಷಯ. ಬಟವಾಡೆ ನಿಮ್ಮ ಕೈಯಿಂದಲೇ ಆಗುವಾಗ ಮಾಲೀಕರು ನೀವೇ. ಸೆಂಟ್ರಿಂಗ್ ಮೇಲಿಂದ ಯಾರಾದರೂ ಬಿದ್ದರೆ ಪರಿಹಾರದ ಪ್ರಶ್ನೆ ಬರುವುದು ನಿಮ್ಮ ಮನೆ ಬಾಗಿಲಿಗೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟುವ ಸೆಸ್ ನಿರ್ಮಾಣ ವೆಚ್ಚದ ಶೇ 1. ಸ್ವಂತ ವಾಸದ ಮನೆಗೆ ವಿನಾಯಿತಿಯ ಮಿತಿ ಹಳೇ ಕಾಯ್ದೆಯಲ್ಲಿ 10 ಲಕ್ಷ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 50 ಲಕ್ಷ. ಲೈಸೆನ್ಸ್ ಶುಲ್ಕದ ಪಟ್ಟಿಯಲ್ಲಿ ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿ ನೋಡಿ. ಕಾರ್ಮಿಕ ಮಂಡಳಿಯ ಕಾರ್ಡಿಗೆ 90 ದಿನದ ಕೆಲಸದ ದೃಢೀಕರಣ ಬೇಕೆಂದು ಯಾರಾದರೂ ಬಂದರೆ, ನಿಮ್ಮಲ್ಲಿ ನಿಜವಾಗಿ ಮಾಡಿದ ದಿನಗಳಿಗೆ ಮಾತ್ರ ಸಹಿ ಹಾಕಿ.

ಮರಳಿನ ಲಾರಿ ಬಂದಾಗ ಇಳಿಸಿಕೊಳ್ಳುವ ಮೊದಲು ಖನಿಜ ಸಾಗಣೆಯ ಪಾಸ್ ನೋಡಿ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಅದರ ಮರಳಿಗೆ ಪಾಸ್ ಇರಲೇಬೇಕು.

ಕ್ಯೂರಿಂಗ್ ಮೋಟರಿಗೆ ಪಕ್ಕದ ಮನೆಯಿಂದ ವೈರ್ ಎಳೆಯಬೇಡಿ. ಅದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅನಧಿಕೃತ ಬಳಕೆ, ದುಪ್ಪಟ್ಟು ದರ ಬೀಳುವುದು ಪಾಪ ಅವರ ಮೀಟರಿಗೆ. ಲೈಸೆನ್ಸ್ ಪ್ರತಿ ಕೊಟ್ಟು ಬೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ತಗೊಳ್ಳಿ.

ಕಾಯಂ ಕನೆಕ್ಷನ್ನಿಗೆ ಈಗ ಮೊದಲಿನ ಸಡಿಲ ಇಲ್ಲ. ಸ್ವಾಧೀನಾನುಭವ ಪತ್ರ (ಕಟ್ಟಡ ಪ್ಲಾನಿನಂತೆ ಆಗಿದೆ, ವಾಸಕ್ಕೆ ಬರಬಹುದು ಎನ್ನುವ ಒಸಿ) ನೋಡಿಯೇ ಕರೆಂಟು, ನೀರು ಕೊಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಬೆಂಗಳೂರಿನ 30x40 ಸೈಟುಗಳಿಗೆ 2025ರಲ್ಲಿ ಸಿಕ್ಕ ವಿನಾಯಿತಿಯ ಸುದ್ದಿ ಓದಿ "ಇನ್ನು ಏನೂ ಬೇಡವಂತೆ" ಅನ್ನುವವರಿದ್ದಾರೆ. ವಿನಾಯಿತಿ ಆ ಪತ್ರಕ್ಕೆ ಮಾತ್ರ, ಲೈಸೆನ್ಸಿಗಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ಕೆಲಸ ಮುಗಿದ ಒಂದು ತಿಂಗಳೊಳಗೆ ಪೂರ್ಣಗೊಂಡ ನೋಟಿಸ್ ಕೊಟ್ಟು, ಸ್ವೀಕೃತಿ ಪ್ರತಿಯನ್ನು ಮಂಜೂರಾದ ಪ್ಲಾನಿನ ಜೊತೆ ಇಟ್ಟುಕೊಳ್ಳಿ.