ಅತ್ತೆಯ ಜೊತೆ ಭಾನುವಾರದ ಚೌಕಾಬಾರ

ಭಾನುವಾರ ಮಧ್ಯಾಹ್ನ ಊಟ ಮುಗಿಯುತ್ತಿದ್ದಂತೆ ಮೈಸೂರಿನಿಂದ ಸೋದರತ್ತೆಯ ವಿಡಿಯೋ ಕರೆ ಬರುತ್ತದೆ. ಅವರ ಫೋನು ಚೊಂಬಿಗೆ ಒರಗಿರುತ್ತದೆ, ಮುಂದೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ. ಮೊದಮೊದಲು ಒಂದು ಆ್ಯಪ್‌ನಲ್ಲಿ ಆಡಿದೆವು. ಒತ್ತಿದರೆ ಅಂಕಿ ಬರುತ್ತಿತ್ತು. "ಕೈಯಲ್ಲಿ ಕುಲುಕದೆ ಗರ ಬೀಳೋದು ಹೇಗಮ್ಮ?" ಎಂದರು ಅತ್ತೆ. ನನಗೂ ಹಾಗೇ ಅನ್ನಿಸಿತ್ತು.

ಈಗ ಬೆಂಗಳೂರಿನಲ್ಲಿ ನನ್ನದೇ 4 ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಗರ. ನನ್ನ ಕಾಯಿಗಳನ್ನೂ ಅತ್ತೆಯೇ ನಡೆಸಬೇಕು. ಅವರದು ಹುಣಸೆಬೀಜ, ನನ್ನದು ಹಸಿರು ಬಳೆಚೂರು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ನನ್ನ ಕಾಯಿ ಕಡಿಯುವಾಗ ಅವರ ಬೆರಳು ಅರೆಗಳಿಗೆ ತಡೆಯುತ್ತದೆ, ಪಾಪ ಅನ್ನಿಸಿಯೋ ಏನೋ. ಆದರೂ ಬಿಡುವುದಿಲ್ಲ, ಬಿಡಲೂಬಾರದು.

ಕಳೆದ ವಾರ ನನಗೆ ಬಾರ ಬಿದ್ದ ಹೊತ್ತಿಗೇ ನೆಟ್‌ವರ್ಕ್ ಹೋಯಿತು. ಮತ್ತೆ ಸಿಕ್ಕಾಗ "ಬಾರ ಬಿತ್ತು ಅತ್ತೆ" ಎಂದು ಕವಡೆ ತೋರಿಸಲು ಫೋನು ಬಗ್ಗಿಸಹೊರಟೆ. "ನೀನು ಹೇಳಿದ್ಯಲ್ಲ, ಸಾಕು" ಎಂದವರೇ ಬಳೆಚೂರನ್ನು ಎಣಿಸಿ ಎಂಟು ಮನೆ ನಡೆಸಿದರು. ಆ ಕಾಯಿಯೇ ಮೊದಲು ನಡುಮನೆ ಸೇರಿ ಹಣ್ಣಾಯಿತು.